ಬೆಟ್ಟದ ಲೆಕ್ಕ: ನಂಬಿದ್ದೇನು, ನಿಜವೇನು

ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್, 1,345 ಮೀಟರ್. ನಮ್ಮ ಕೊಡಚಾದ್ರಿ 1,343. ಎರಡೇ ಮೀಟರ್ ವ್ಯತ್ಯಾಸ! ಶಿಖರಗಳನ್ನು ಒಂದೊಂದಾಗಿ ಹತ್ತಿ, ಪಟ್ಟಿಯಲ್ಲಿ ಗುರುತು ಹಾಕುತ್ತ ಹೋಗುವ ಹುಚ್ಚು ಹೆಚ್ಚಿಗೆ ಬೆಳೆದದ್ದು ಅಂಥ ‘ಗಿಡ್ಡ’ ಬೆಟ್ಟಗಳ ನಾಡಿನಲ್ಲಿ. ಇಂಗ್ಲಿಷಿನವರು ಅದನ್ನು ಪೀಕ್ ಬ್ಯಾಗಿಂಗ್ ಅನ್ನುತ್ತಾರೆ. ಈಗ ನಮ್ಮ ಹುಡುಗರಿಗೂ ಅದು ಹಿಡಿದಿದೆ. ಹುಚ್ಚಿನ ಜೊತೆ ಕೆಲವು ತಪ್ಪು ಕಲ್ಪನೆಗಳೂ ಬಂದಿವೆ.

ನಂಬಿಕೆ: ಎತ್ತರ ಹೆಚ್ಚಿದಷ್ಟೂ ಹತ್ತುವುದು ಕಷ್ಟ

ಪುಸ್ತಕದಲ್ಲಿರುವ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದು. ಕಾಲಿಗೆ ಸಮುದ್ರದ ಹಂಗಿಲ್ಲ, ಅದು ಹತ್ತುವುದು ಬುಡದಿಂದ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯಕ್ಕೇ ದೊಡ್ಡದು. ಆದರೆ ರಸ್ತೆ ನೆತ್ತಿಯ ಹತ್ತಿರದವರೆಗೂ ಹೋಗುತ್ತದೆ, ಉಳಿಯುವುದು ಕೆಲವು ನೂರು ಮೆಟ್ಟಿಲು. ಮದುವೆಗೆ ಉಟ್ಟ ರೇಷ್ಮೆ ಸೀರೆಯಲ್ಲೇ ಹತ್ತಿ ಇಳಿದವರನ್ನು ನೋಡಿದ್ದೇನೆ. ಕುಮಾರ ಪರ್ವತ 1,712 ಮೀಟರ್, ಅಂದರೆ ಅದಕ್ಕಿಂತ ಇನ್ನೂರು ಮೀಟರಿಗೂ ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಕೆಳಗೆ. ಅಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು, ಒಂದು ದಿಕ್ಕಿಗೇ ಸುಮಾರು 13 ಕಿಲೋಮೀಟರ್ ನಡೆಯಬೇಕು. ‘ಮುಳ್ಳಯ್ಯನಗಿರಿಯೇ ಆಯಿತು, ಇದೇನು ಮಹಾ’ ಎಂದು ಹೊರಟವರು ಸೋಮವಾರ ಕಚೇರಿಯ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಾರೆ.

ಹೊಸಬರು ಕೇಳಬೇಕಾದ್ದು ಎರಡೇ: ಬುಡದಿಂದ ಏರಿಕೆ ಎಷ್ಟು, ದಾರಿ ಎಷ್ಟು? ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಲೆಕ್ಕ ಹೇಳಿದ್ದ. ಪ್ರತಿ 5 ಕಿಲೋಮೀಟರ್ ನಡಿಗೆಗೆ ಸುಮಾರು ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಹಾಕಿ ನೋಡಿ, ಐದು ಗಂಟೆ ದಾಟುತ್ತದೆ. ಅದೂ ಎಲ್ಲೂ ಕೂರದೆ, ಫೋಟೊ ತೆಗೆಯದೆ, ದಾರಿಯಲ್ಲಿ ಸಿಗುವ ಗಿರಿಗದ್ದೆಯಲ್ಲಿ ಊಟಕ್ಕೆ ನಿಲ್ಲದೆ. ನಾನು ಇದನ್ನು ಒಂದೂವರೆ ಪಟ್ಟು ಮಾಡಿಕೊಂಡೇ ಹೊರಡುತ್ತೇನೆ.

ನಂಬಿಕೆ: ಏದುಸಿರು ಬರುವುದು ಮೇಲೆ ಗಾಳಿ ತೆಳುವಾಗಿರುವುದರಿಂದ

ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿನ ಆಚೆ. ಕರ್ನಾಟಕದ ಯಾವ ಬೆಟ್ಟವೂ ಅಲ್ಲಿಗೆ ಮುಟ್ಟುವುದಿಲ್ಲ. ಏದುಸಿರಿಗೆ ಕಾರಣ ಗಾಳಿಯಲ್ಲ, ವರ್ಷವಿಡೀ ಹತ್ತಿದ ಲಿಫ್ಟು.

ನಂಬಿಕೆ: ಅಧಿಕೃತ ಪಟ್ಟಿ ಬೇಕು, ಅದು ಬದಲಾಗುವಂಥದ್ದಲ್ಲ

ಎಲ್ಲರೂ ಉದಾಹರಿಸುವ ಪಟ್ಟಿ ಸರ್ ಹ್ಯೂ ಮನ್ರೋ 1891ರಲ್ಲಿ ಪ್ರಕಟಿಸಿದ್ದು. 3,000 ಅಡಿ, ಅಂದರೆ 914 ಮೀಟರ್ ಮೀರಿದ ಸ್ಕಾಟ್ಲೆಂಡಿನ ಬೆಟ್ಟಗಳೆಲ್ಲ ಅದರಲ್ಲಿವೆ. ಆ ಅಳತೆಗೋಲನ್ನು ಇಲ್ಲಿಗೆ ತಂದರೆ ಬೆಂಗಳೂರಿನ ಎಷ್ಟೋ ಬಸ್ ನಿಲ್ದಾಣಗಳೂ ಶಿಖರಗಳೇ! ಪಟ್ಟಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2012ರ ಮರುಅಳತೆಯಲ್ಲಿ ಒಂದು ಬೆಟ್ಟ ಒಂದೆರಡು ಅಡಿ ಸಾಲದೆ ಹೊರಬಿತ್ತು, ಈಗ ಉಳಿದಿರುವುದು 282. ಸ್ವತಃ ಮನ್ರೋ ಎಲ್ಲವನ್ನೂ ಹತ್ತಿ ಮುಗಿಸದೆಯೇ 1919ರಲ್ಲಿ ತೀರಿಕೊಂಡ. ಮೊದಲು ಮುಗಿಸಿದ ಕೀರ್ತಿ 1901ರಲ್ಲಿ ಪಾದ್ರಿ ಎ. ಇ. ರಾಬರ್ಟ್‌ಸನ್ ಅವರಿಗೆ ಸಂದಿತು. ಅವರು ಬೆನ್ ವೈವಿಸ್ ಎಂಬ ಬೆಟ್ಟದ ನೆತ್ತಿಯನ್ನು ನಿಜಕ್ಕೂ ಮುಟ್ಟಿದ್ದರೇ, ಮಳೆಗೆ ಅರ್ಧದಲ್ಲೇ ಮರಳಿದರೇ ಎಂಬ ಅನುಮಾನ ಆಮೇಲೆ ಎದ್ದಿತು. ಈ ಆಟಕ್ಕೆ ಅಂಪೈರ್ ಇಲ್ಲ.

ನಮ್ಮಲ್ಲೂ ಪಟ್ಟಿಗೆ ಬರವಿಲ್ಲ. ಬೆಂಗಳೂರಿನ ಸುತ್ತ ಚಾರಣಿಗರು ನವದುರ್ಗ ಎಂದು ಎಣಿಸುವ ಕೋಟೆ ಬೆಟ್ಟಗಳಿವೆ: ಸಾವನದುರ್ಗ, ನಂದಿದುರ್ಗ, ಮಾಕಳಿದುರ್ಗ, ಚನ್ನರಾಯನದುರ್ಗ, ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಕಬ್ಬಾಳದುರ್ಗ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು, ಕಾಲು ಎಷ್ಟು ತಾಳುತ್ತದೆಂಬುದೂ ಗೊತ್ತಾಗುತ್ತದೆ. ಸಾವನದುರ್ಗದ ಬೋಳು ಬಂಡೆಯನ್ನು ಮಾತ್ರ ಮಳೆ ಬಿದ್ದ ದಿನ ಮುಟ್ಟಬೇಡಿ. ನಂದಿಗೆ ಕಾರಿನಲ್ಲಿ ಹೋಗಿ ಬಂದರೆ ಲೆಕ್ಕಕ್ಕೆ ಬರುತ್ತದೆಯೇ? ನನ್ನ ಪುಸ್ತಕದಲ್ಲಿ ಬರುವುದಿಲ್ಲ. ಸುಲ್ತಾನಪೇಟೆ ಕಡೆಯ ಹಳೇ ಮೆಟ್ಟಿಲು ಹತ್ತಿದ ಮೇಲೆಯೇ ಗುರುತು ಹಾಕಿದೆ.

ನಂಬಿಕೆ: ಕಾಡಿಗೆ ಯಾರ ಅಪ್ಪಣೆ ಬೇಕು?

ಅರಣ್ಯ ಇಲಾಖೆಯದು ಬೇಕು. ಕುಮಾರ ಪರ್ವತ, ಕುದುರೆಮುಖಗಳಂಥ ಕಡೆ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು. ಹೊರಡುವ ಮೊದಲು ವಿಚಾರಿಸಿ.

ನಂಬಿಕೆ: ಇಂಬಳ ಕಚ್ಚಿದರೆ ಉಪ್ಪು ಹಾಕಬೇಕು, ಇಲ್ಲವೇ ಬೆಂಕಿ ಮುಟ್ಟಿಸಬೇಕು

ಮಲೆನಾಡಿನವರು ಹೊರಡುವ ಮೊದಲು ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಳ್ಳುವುದು ಸರಿಯೇ, ಅದು ಹತ್ತದಂತೆ ತಡೆಯುವ ಉಪಾಯ. ಆದರೆ ಕಚ್ಚಿ ಕೂತಿರುವಾಗ ಉಪ್ಪನ್ನೋ ಬೆಂಕಿಯನ್ನೋ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು, ನಂಜಾಗಬಹುದು. ಅದರ ಸಪೂರ ತುದಿಯನ್ನು ಹುಡುಕಿ, ಚರ್ಮಕ್ಕೆ ಒತ್ತಿದ ಹಾಗೆ ಉಗುರನ್ನು ಅಡ್ಡಕ್ಕೆ ಸರಿಸಿ. ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಗೂ ಹಾಗೆಯೇ ಮಾಡಿ ಚಿಮ್ಮಿಬಿಡಿ. ರಕ್ತ ಬಹಳ ಹೊತ್ತು ಸೋರುತ್ತದೆ, ಕಾಲುಚೀಲ ಕೆಂಪಾಗುತ್ತದೆ. ಗಾಯ ಆಳವೆಂದಲ್ಲ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅಷ್ಟೇ. ತೊಳೆದು ಒತ್ತಿ ಹಿಡಿಯಿರಿ.

ನಂಬಿಕೆ: ಅಗೋ ಕಾಣುತ್ತಿದೆಯಲ್ಲ, ಅದೇ ತುದಿ

ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಮೊದಲ ಸಲ ಹೋದಾಗ ನಾನೂ ಹೀಗೇ ಅಂದುಕೊಂಡೆ. ಕಲ್ಲು ಮಂಟಪ ದಾಟಿದ ಮೇಲೆ ಹುಲ್ಲಿನ ಏರಿ. ನೆರಳಿಲ್ಲ, ನೆತ್ತಿಯ ಮೇಲೆ ಬಿಸಿಲು. ಮೇಲೊಂದು ಮೊನಚು ತುದಿ ಕರೆಯುತ್ತಲೇ ಇತ್ತು. ಕೊನೆಯ ಬಾಟಲಿಯಲ್ಲಿ ನಾಲ್ಕು ಗುಟುಕು ಉಳಿದಿರುವಾಗ ಅಲ್ಲಿಗೆ ಮುಟ್ಟಿದೆ. ನೋಡಿದರೆ ಅದು ಶೇಷ ಪರ್ವತ! ಅದರಾಚೆ ದಾರಿ ಕೆಳಗಿಳಿದು ದಟ್ಟ ಕಾಡು ಹೊಕ್ಕು, ಬಂಡೆಯ ಮೇಲೆ ಹತ್ತಿ, ಮತ್ತೊಂದು ನೆತ್ತಿಗೆ ಹೋಗುತ್ತದೆ. ನಿಜವಾದ ಕುಮಾರ ಪರ್ವತ ಅದು. ಗಂಟೆ ಎರಡಾಗಿತ್ತು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಗಿರಿಗದ್ದೆಯ ಕೆಳಗಿನ ಕಾಡಿನೊಳಗೆ ಅದಕ್ಕೂ ಮುಂಚೆಯೇ ಕತ್ತಲು. ಜೊತೆಗಿದ್ದವರು ಮುಂದೆ ಹೋಗೋಣ ಎಂದರು. ನನ್ನ ಮಂಡಿ ಬೇಡ ಅಂದಿತು, ಇಳಿದೆವು.

ನನ್ನ ಪುಸ್ತಕದಲ್ಲಿ ಕುಮಾರ ಪರ್ವತದ ಮುಂದೆ ಈಗ ಎರಡು ತಾರೀಖುಗಳಿವೆ. ಮೊದಲನೆಯದರ ಪಕ್ಕ ಪೆನ್ಸಿಲಿನಲ್ಲಿ ಬರೆದದ್ದು ಹಾಗೆಯೇ ಇದೆ: ‘ಶೇಷ ಪರ್ವತದವರೆಗೆ ಮಾತ್ರ.’