ಪುಟ್ಟೇನಹಳ್ಳಿಯ ಕೆರೆ: ನೆರೆಹೊರೆಯ ರಕ್ಷಣೆ ಮತ್ತು ಅದರ ಮೇರೆ

ಬೆಂಗಳೂರು ಮಹಾನದಿಯೊಂದರ ದಡದಲ್ಲಿ ಬೆಳೆದ ನಗರವಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಅದು ನೆಲಸಿದೆ. ಅಲ್ಲಿ ಸುರಿದ ಮಳೆಯಲ್ಲಿ ಒಂದು ಪಾಲು ವೃಷಭಾವತಿಯಲ್ಲಿ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯತ್ತ ಇಳಿಯುತ್ತದೆ. ಈ ಇಳಿಜಾರಿನ ನೀರನ್ನು ಹಂತಹಂತವಾಗಿ ತಡೆದು ನಿಲ್ಲಿಸಿದುದೇ ಇಲ್ಲಿನ ಕೆರೆಗಳ ಏರ್ಪಾಡು. ಮೇಲಣ ಕೆರೆಯ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಸಾಗಿ ಕೆಳಗಣ ಕೆರೆಯನ್ನು ತುಂಬುವುದು. ಆದುದರಿಂದ ಇಲ್ಲಿನ ಕೆರೆಯನ್ನು ಅದರ ಏರಿಯೊಳಗೆ ಮಾತ್ರ ನೋಡಿದರೆ ಅರ್ಥವಾಗದು.

ಕೆರೆಯ ಪಾಲನೆಗೆ ಹಿಂದೆ ನಿಶ್ಚಿತವಾದ ಆಧಾರವಿತ್ತು. ಅದಕ್ಕಾಗಿ ಬಿಟ್ಟ ಭೂಮಿ ಮತ್ತು ಬೆಳೆಯ ಪಾಲನ್ನು ಶಾಸನಗಳು ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳಿಂದ ಕರೆಯುತ್ತವೆ. ತೂಬನ್ನೆತ್ತಿ ಅಚ್ಚುಕಟ್ಟಿಗೆ ನೀರು ಹಂಚುವ ಕೆಲಸ ನೀರುಗಂಟಿಯದು. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದಲೂ 1974ರಿಂದ ಕಾವೇರಿಯಿಂದಲೂ ಕೊಳಾಯಿ ನೀರು ಬಂದಮೇಲೆ ನಗರವಾಸಿಗೆ ಕೆರೆಯ ಹಂಗು ತಪ್ಪಿತು. ಗದ್ದೆಗಳು ನಿವೇಶನಗಳಾದಂತೆ ನೀರುಗಂಟಿಗೂ ಕೆಲಸವಿಲ್ಲದಾಯಿತು.

ಹೀಗೆ ಒಡೆಯರಿಲ್ಲದಂತಾದ ಕೆರೆಯನ್ನು ನೆರೆಹೊರೆಯವರು ಮತ್ತೆ ವಹಿಸಿಕೊಂಡುದಕ್ಕೆ ಜಯಪ್ರಕಾಶನಗರದ ಪುಟ್ಟೇನಹಳ್ಳಿ ಒಳ್ಳೆಯ ನಿದರ್ಶನ. ಸುಮಾರು 13 ಎಕರೆಯ ಈ ಕೆರೆ ಬತ್ತಿ, ಕಟ್ಟಡದ ಕಸವನ್ನು ಸುರಿಯುವ ತಾಣವಾಗಿತ್ತು. 2010ರಲ್ಲಿ ಸುತ್ತಣ ನಿವಾಸಿಗಳು ಒಂದು ಟ್ರಸ್ಟನ್ನು ಸ್ಥಾಪಿಸಿದರು. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಒಡಂಬಡಿಕೆಯ ಮೂಲಕ ಕೆರೆಯ ಪಾಲನೆಯನ್ನು ಅದಕ್ಕೆ ಒಪ್ಪಿಸಿತು. ಗಿಡ ನೆಡುವುದು, ಕಳೆ ತೆಗೆಸುವುದು, ಕಸ ಹಾಕುವವರನ್ನು ತಡೆಯುವುದು, ಇವೆಲ್ಲವೂ ಚಂದಾಹಣದಿಂದಲೂ ಸ್ವಯಂಸೇವೆಯಿಂದಲೂ ನಡೆದುವು. ಗುಳುಮುಳುಕ, ಜಂಬುಕೋಳಿಗಳು ಮರಳಿ ಬಂದುವು.

ಆದರೆ ಅಂಗಳ ಶುದ್ಧವಾದ ಮಾತ್ರಕ್ಕೆ ಕೆರೆ ತುಂಬಲಿಲ್ಲ. ಮಳೆನೀರನ್ನು ತರುತ್ತಿದ್ದ ಜಲಾನಯನ ಭೂಮಿಯ ಬಹುಭಾಗವನ್ನು ಕಟ್ಟಡಗಳೂ ರಸ್ತೆಗಳೂ ಆವರಿಸಿದ್ದುವು. ಕೊನೆಗೆ ಸಮೀಪದ ವಸತಿಸಮುಚ್ಚಯವೊಂದರ ಬಳಸಿದ ನೀರನ್ನು ಶುದ್ಧೀಕರಿಸಿ ಕೆರೆಗೆ ಬಿಡುವ ಏರ್ಪಾಡಾಯಿತು. ಉಪಾಯವೇನೋ ಫಲಿಸಿತು. ಆದರೆ ಇಂಥ ನೀರಿನಲ್ಲಿ ಸಾರಜನಕ, ರಂಜಕಗಳ ಅಂಶ ಉಳಿದಿರುವುದರಿಂದ ಜಲಕಳೆ ಹುಲುಸಾಗಿ ಬೆಳೆಯುತ್ತದೆ; ಅದನ್ನು ತೆಗೆಯುವ ಶ್ರಮಕ್ಕೆ ಕೊನೆಯಿಲ್ಲ.

ನೆರೆಹೊರೆಯ ಸಂಘದ ಶಕ್ತಿಯೂ ಮೇರೆಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಏರಿಯೊಳಗಿನದು ಅದರ ವಶ. ನೀರು ಬರುವ ದಾರಿ ಅದರ ವಶವಲ್ಲ. ಆ ದಾರಿ ಕೆಟ್ಟರೆ ಏನಾಗುವುದೆಂಬುದಕ್ಕೆ ಬೆಳ್ಳಂದೂರು ಸಾಕ್ಷಿ. ಮೇಲಣ ಬಡಾವಣೆಗಳ ಚರಂಡಿಯ ನೀರು ಸೇರಿ 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿತು. 2017ರಲ್ಲಿಯೂ 2018ರಲ್ಲಿಯೂ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ದಡದ ನಿವಾಸಿಗಳು ಎಷ್ಟೇ ಜಾಗರೂಕರಾಗಿದ್ದರೂ ಇದನ್ನು ತಡೆಯುವುದು ಅವರಿಂದ ಸಾಧ್ಯವಿರಲಿಲ್ಲ.

ಆದುದರಿಂದ ಕೆರೆಗೊಂದು ಸಂಘವಿದ್ದರೆ ಸಾಲದು. ಒಂದೇ ಕಣಿವೆಯ ಮೇಲಣ, ಕೆಳಗಣ ಸಂಘಗಳು ಒಂದುಗೂಡಬೇಕು. ರಾಜಕಾಲುವೆಯನ್ನು ಕೆರೆಯ ಅಂಗವೆಂದೇ ಎಣಿಸಿ, ಅದರ ಒತ್ತುವರಿಯನ್ನು ಪ್ರಶ್ನಿಸುವ ಅಧಿಕಾರವೂ ಅವುಗಳಿಗೆ ದೊರೆಯಬೇಕು. ಇಲ್ಲವಾದರೆ ನಿವಾಸಿಗಳ ನಿಷ್ಠೆಯೆಲ್ಲ ಕಳೆ ಕೀಳುವುದರಲ್ಲಿಯೇ ಸವೆದುಹೋಗುವುದು.