ಮಾಟಗಾತಿಯರ ಮೇಲೆ ಸುತ್ತಿಗೆ
ಮರೆಯಲ್ಲಿ ಉಳಿದ ಒಂದು ಚೆಕ್ ಚಲಚ್ಚಿತ್ರ

ಕ್ರಿ.ಶ. 1678ರ ಈಸ್ಟರ್ ಹಬ್ಬದ ಕಾಲ. ಮಧ್ಯ ಯೂರೋಪಿನ ಮೊರಾವಿಯ ಪ್ರಾಂತದ ಉತ್ತರ ಭಾಗದಲ್ಲಿರುವ ಸೊಬೋಟಿನ್ ಎಂಬ ಊರಿನ ಇಗರ್ಜಿಯಲ್ಲಿ ಪೂಜೆ ನಡೆದಿತ್ತು. ಮುದಿ ಭಿಕ್ಷುಕಿಯೊಬ್ಬಳು ಪಾದ್ರಿಯಿಂದ ಪಡೆದ ಪರಮಪ್ರಸಾದದ ರೊಟ್ಟಿಯನ್ನು ನುಂಗದೆ, ಬಾಯಿಂದ ತೆಗೆದು ಮೆಲ್ಲನೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಪೂಜೆಗೆ ನೆರವಾಗುತ್ತಿದ್ದ ಹುಡುಗನು ಅದನ್ನು ಕಂಡು ಪಾದ್ರಿಗೆ ತಿಳಿಸಿದನು. ವಿಚಾರಿಸಿದಾಗ ಹೊರಬಿದ್ದ ಸಂಗತಿ ಇಷ್ಟೆ: ಹಸುವೊಂದರ ಹಾಲು ಬತ್ತಿತ್ತು; ಪವಿತ್ರವಾದ ಆ ರೊಟ್ಟಿಯಿಂದ ಅದು ಮತ್ತೆ ಹಾಲು ಕೊಡುವುದೆಂದು ನಂಬಿದ ಸೂಲಗಿತ್ತಿಯೊಬ್ಬಳು ಅದನ್ನು ತರಲು ಹೇಳಿದ್ದಳು.

ನಾಲ್ಕು ಬುದ್ಧಿಮಾತು ಹೇಳಿ ಕಳುಹಿಸಬಹುದಾಗಿದ್ದ ಈ ಮೌಢ್ಯದಿಂದ ಹೊತ್ತಿದ ಬೆಂಕಿ 18 ವರ್ಷಗಳ ಕಾಲ ಉರಿಯಿತು. 1696ರಲ್ಲಿ ಅದು ಆರುವ ವೇಳೆಗೆ ಸುಮಾರು 100 ಮಂದಿ ಪ್ರಾಣ ತೆತ್ತಿದ್ದರು. ಕಟ್ಟುಕತೆಯಲ್ಲದ ಈ ಚರಿತ್ರೆಯನ್ನು ಓಟಕಾರ್ ವಾವ್ರ ಅವರು 'ಮಾಟಗಾತಿಯರ ಮೇಲೆ ಸುತ್ತಿಗೆ' ಎಂಬ ಅರ್ಥದ ಹೆಸರಿನಿಂದ ಕಪ್ಪು-ಬಿಳುಪಿನ ಚಿತ್ರವಾಗಿ ನಿರ್ದೇಶಿಸಿದರು. ಚಿತ್ರ 1970ರಲ್ಲಿ ತೆರೆ ಕಂಡಿತು. ವಾತ್ಸ್ಲಾವ್ ಕಾಪ್ಲಿಟ್ಸ್ಕಿ ಅವರ 1963ರ ಕಾದಂಬರಿ ಇದಕ್ಕೆ ಆಧಾರ. ಚಿತ್ರಕಥೆಯಲ್ಲಿ ವಾವ್ರ ಅವರಿಗೆ ಜೊತೆಯಾದವರು ಎಸ್ತರ್ ಕ್ರುಂಬಾಖೊವಾ. ಮಾಟಗಾತಿಯರನ್ನು ಪತ್ತೆಮಾಡಿ ದಂಡಿಸುವ ಬಗೆಯನ್ನು ವಿವರಿಸಿ 15ನೆಯ ಶತಮಾನದ ಕೊನೆಯಲ್ಲಿ ಹೈನ್ರಿಖ್ ಕ್ರಾಮರ್ ಎಂಬ ಸಂನ್ಯಾಸಿ ಬರೆದ ಲ್ಯಾಟಿನ್ ಗ್ರಂಥದ ಹೆಸರೇ ಚಿತ್ರಕ್ಕೂ ಬಂದಿದೆ.

ವಿಚಾರಣೆಯ ಗಾಣ

ಭಿಕ್ಷುಕಿಯ ಸುದ್ದಿ ಕೇಳಿ ಬೆದರಿದ ಲೋಸಿನಿ ಜಹಗೀರಿನ ಕೌಂಟೆಸ್, ಬೊಬ್ಲಿಗ್ ಎಂಬವನನ್ನು ಕರೆಸುವಳು. ಅವನು ಅರವತ್ತು ದಾಟಿದವನು. ನ್ಯಾಯಶಾಸ್ತ್ರದ ವ್ಯಾಸಂಗವನ್ನು ಪೂರೈಸದಿದ್ದರೂ ಮಾಟಗಾತಿಯರ ವಿಚಾರಣೆಯಲ್ಲಿ ಪಳಗಿದ ಕೈ. ಮರೆತುಹೋಗಿದ್ದ ತನಗೆ ಮತ್ತೆ ಮೇಜು, ಮದ್ಯ, ಮರ್ಯಾದೆ ದೊರಕಿರುವುದು ಈ ಮುದುಕಿಯರಿಂದ ಎಂಬುದನ್ನು ಅವನು ಚೆನ್ನಾಗಿ ಬಲ್ಲನು. ವಿಚಾರಣೆ ಮುಗಿದರೆ ಸಂಪಾದನೆಯೂ ಮುಗಿಯಿತು! ಆದುದರಿಂದ ವಿಚಾರಣೆ ಮುಗಿಯದಂತೆ ನೋಡಿಕೊಳ್ಳುವುದೇ ಅವನ ಕಸುಬಾಗುತ್ತದೆ.

ಅದರ ಉಪಾಯವಾದರೂ ಸರಳ. ಹೆಬ್ಬೆರಳನ್ನು ತಿರುಪಿನಲ್ಲಿಟ್ಟು ಹಿಸುಕುವುದು, ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವುದು, ನಿದ್ರೆಗೆಡಿಸುವುದು. ನೋವು ತಾಳಲಾರದವಳಿಗೆ ಹೇಳಬೇಕಾದ ಉತ್ತರವನ್ನೂ ತಾವೇ ಕಲಿಸುವುದು. 'ಪೇತ್ರನ ಬಂಡೆ'ಗಳೆಂದು ಹೆಸರಾದ ಬೆಟ್ಟದ ತುದಿಗೆ ಇರುಳಿನಲ್ಲಿ ಹಾರಿಹೋಗಿ ಸೈತಾನನ ಕೂಟದಲ್ಲಿ ಕುಣಿದೆವೆಂದು ಅವಳು ಒಪ್ಪಿದೊಡನೆ, 'ಅಲ್ಲಿ ಮತ್ತಾರಿದ್ದರು?' ಎಂಬ ಪ್ರಶ್ನೆ ಬರುವುದು. ಒಬ್ಬಳ ಬಾಯಿಂದ ಇಬ್ಬರ ಹೆಸರು, ಇಬ್ಬರಿಂದ ನಾಲ್ವರ ಹೆಸರು. ಭಿಕ್ಷುಕಿಯರ ಬಳಿ ಕಸಿಯಲು ಏನಿದೆ? ಹಾಗಾಗಿ ಗಾಣ ಬರಬರುತ್ತ ಷುಂಪೆರ್ಕ್ ಪಟ್ಟಣದ ಅನುಕೂಲಸ್ಥರ ಕಡೆಗೆ ತಿರುಗುತ್ತದೆ. ಬಟ್ಟೆಗೆ ಬಣ್ಣ ಹಾಕುವ ಉದ್ಯಮಿ ಸಾಟ್ಲರ್, ಅವನ ಹೆಂಡತಿ, ಅವನ ಮಗಳು—ಮೂವರೂ ಅದರ ಬಾಯಿಗೆ ಬೀಳುವರು.

ಎದುರು ನಿಂತವನು

ಇಷ್ಟನ್ನೂ ಕಂಡು ಸುಮ್ಮನಿರಲಾರದವನು ಪಟ್ಟಣದ ಪ್ರಧಾನ ಪಾದ್ರಿ ಕ್ರಿಷ್ಟೋಫ್ ಲೌಟ್ನರ್. ಪುಸ್ತಕಪ್ರಿಯನೂ ಸಾಟ್ಲರ್ ಮನೆತನದ ಮಿತ್ರನೂ ಆದ ಅವನು, ನಿರಪರಾಧಿಗಳನ್ನು ಸುಡಲಾಗುತ್ತಿದೆಯೆಂದು ನುಡಿಯುವನು. ಆದರೆ ಮಾಟಗಾತಿಯರನ್ನು ಕುರಿತು ಸಂದೇಹ ಪಡುವವನೇ ಸೈತಾನನ ಪಕ್ಷದವನೆಂಬುದು ಬೊಬ್ಲಿಗ್‌ನ ತರ್ಕ. ಇದಕ್ಕೆ ಉತ್ತರವೇ ಇಲ್ಲ. ಲೌಟ್ನರ್‌ನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದ ಜುಜಾನಾ ಎಂಬ ತರುಣಿಯನ್ನು ಹಿಡಿದು ಹಿಂಸಿಸಿ, ಅವಳ ಬಾಯಿಂದಲೇ ಅವನ ಮೇಲೆ ಸಾಕ್ಷ್ಯ ಹೇಳಿಸುವರು. 1680ರಲ್ಲಿ ಬಂಧಿತನಾದ ಲೌಟ್ನರ್ ಐದು ವರ್ಷ ಸೆರೆಯಲ್ಲಿದ್ದು, 1685ರ ಸೆಪ್ಟೆಂಬರ್ 18ರಂದು ಮೊಹೆಲ್ನಿತ್ಸೆ ಪಟ್ಟಣದಲ್ಲಿ ಜನಸ್ತೋಮದ ಕಣ್ಣೆದುರಿಗೆ ಜೀವಂತ ದಹಿಸಲ್ಪಟ್ಟನು.

ಚಿತ್ರದ ನಾಯಕನು ವೀರಪುರುಷನಂತೆ ಕೊನೆಯವರೆಗೆ ತಲೆಯೆತ್ತಿ ನಿಲ್ಲುವುದಿಲ್ಲ. ವಿದ್ಯೆ, ದೈವಭಕ್ತಿ, ಧೈರ್ಯ ಎಲ್ಲವೂ ಇದ್ದ ಅವನೂ ಯಾತನೆಯ ಮುಂದೆ ಕುಸಿದು, ಮಾಡದ ಪಾಪವನ್ನು ಒಪ್ಪಿಕೊಳ್ಳುವನು. ಎಲೊ ರೊಮಾನ್ಚಿಕ್ ಅವರು ಈ ಕುಸಿತವನ್ನು ಗಂಭೀರವಾಗಿ ಅಭಿನಯಿಸಿದ್ದಾರೆ. ಬೊಬ್ಲಿಗ್ ಆಗಿ ವ್ಲಾದಿಮೀರ್ ಷ್ಮೆರಾಲ್ ಅವರದು ಇನ್ನೂ ಭಯಂಕರ. ಏಕೆಂದರೆ ಅವನು ರಾಕ್ಷಸನಂತೆ ಕಾಣುವುದೇ ಇಲ್ಲ. ತೃಪ್ತಿಯಿಂದ ಉಂಡು, ತೇಗಿ, ಕೆಲಸಕ್ಕೆ ಹೊರಡುವ ಅಧಿಕಾರಿಯಂತೆ ಕಾಣುವನು.

ಹಳೆಯ ಕಥೆ, ಹೊಸ ಗಾಯ

ಚೆಕ್ ಪ್ರೇಕ್ಷಕರಿಗೆ ಇದು ಕೇವಲ 17ನೆಯ ಶತಮಾನದ ಕಥೆಯಾಗಿ ತೋರಲಿಲ್ಲ. 1950ರಲ್ಲಿ ಮಿಲಾದಾ ಹೊರಾಕೊವಾ ಎಂಬ ಧೀರ ಮಹಿಳೆಯನ್ನು ಕಮ್ಯುನಿಸ್ಟ್ ಸರ್ಕಾರ ದೇಶದ್ರೋಹದ ಆಪಾದನೆಯ ಮೇಲೆ ಗಲ್ಲಿಗೇರಿಸಿತ್ತು. 1952ರಲ್ಲಿ ಆ ಪಕ್ಷದ ಮುಖಂಡನಾಗಿದ್ದ ರುಡೊಲ್ಫ್ ಸ್ಲಾನ್ಸ್ಕಿಯೂ ಸೇರಿ 14 ಮಂದಿ, ಬಾಯಿಪಾಠ ಮಾಡಿಸಿದ ತಪ್ಪೊಪ್ಪಿಗೆಗಳನ್ನು ನ್ಯಾಯಾಲಯದಲ್ಲಿ ಒಪ್ಪಿಸಿದ್ದರು. ಅವರಲ್ಲಿ 11 ಮಂದಿಗೆ ಮರಣದಂಡನೆಯಾಯಿತು. ಸೈತಾನನ ಬದಲು ಶತ್ರುದೇಶ, ಉಳಿದುದೆಲ್ಲ ಹಾಗೆಯೇ.

1968ರ ಆಗಸ್ಟಿನಲ್ಲಿ ಸೋವಿಯೆತ್ ಸೇನೆ ಚೆಕೊಸ್ಲೊವಾಕಿಯಕ್ಕೆ ನುಗ್ಗಿದ ಮೇಲೆ ಬಾಯಿ ಬಿಗಿಯುವ ದಿನಗಳು ಮರಳಿದವು. ಇಂಥ ಚಿತ್ರ ಹೆಚ್ಚು ಕಾಲ ಚಿತ್ರಮಂದಿರಗಳಲ್ಲಿ ಉಳಿಯುವುದು ಅಧಿಕಾರಸ್ಥರಿಗೆ ಬೇಕಾಗಿರಲಿಲ್ಲ. ವಾವ್ರ ಅವರು ಬಂಡಾಯಗಾರರಲ್ಲ. ಬಂದ ಸರ್ಕಾರಗಳೊಡನೆಲ್ಲ ಹೊಂದಿಕೊಂಡು 1950ರ ದಶಕದಲ್ಲಿ ಸರ್ಕಾರ ಮೆಚ್ಚುವ ಚಾರಿತ್ರಿಕ ಚಿತ್ರಗಳನ್ನು ತೆಗೆದವರು. ತರುಣ ನಿರ್ದೇಶಕರ 'ಹೊಸ ಅಲೆ'ಯನ್ನು ಹೊಗಳುವ ವಿಮರ್ಶಕರು ಈ ಹಿರಿಯರತ್ತ ಕಣ್ಣು ಹಾಯಿಸಿದ್ದು ಕಡಿಮೆ. ಚಿತ್ರ ಮರೆಯಾಗಲು ಅದೂ ಒಂದು ಕಾರಣ. ಆದರೆ ಅಂಜಿ ಬಾಳುವ ಮನುಷ್ಯರನ್ನು ಹತ್ತಿರದಿಂದ ಬಲ್ಲವರಾದ್ದರಿಂದಲೇ ಅವರಿಗೆ ಬೊಬ್ಲಿಗ್‌ನ ಸುತ್ತ ತಲೆಯಾಡಿಸುವವರನ್ನು ಅಷ್ಟು ನಿಜವಾಗಿ ತೋರಿಸಲು ಸಾಧ್ಯವಾಯಿತೇನೋ!

ಚಿತ್ರಹಿಂಸೆಯ ದೃಶ್ಯಗಳಿರುವುದರಿಂದ ಇದು ಮಕ್ಕಳೊಡನೆ ನೋಡುವ ಚಿತ್ರವಲ್ಲ, ದೊಡ್ಡವರು ನೋಡಬೇಕಾದುದು. ಷುಂಪೆರ್ಕಿನ ಹಳೆಯ ಮನೆಯೊಂದರ ನೆಲಮಾಳಿಗೆಯಲ್ಲಿ ಈ ವಿಚಾರಣೆಗಳನ್ನು ನೆನಪಿಸುವ ಪ್ರದರ್ಶನವಿದೆ. ಲೌಟ್ನರ್‌ನ ಹೆಸರನ್ನು ಅಲ್ಲಿಯ ಜನ ಇಂದು ಗೌರವದಿಂದ ಸ್ಮರಿಸುವರು. ಬೊಬ್ಲಿಗ್ ಮಾತ್ರ ಯಾವ ದಂಡನೆಯನ್ನೂ ಕಾಣದೆ 1698ರಲ್ಲಿ ತೀರಿಕೊಂಡನು.