ಬೇಲಿಗೆ ಕವಳಿ

ವರ್ಷವರ್ಷವೂ ಮುಳ್ಳು ಕಡಿದು ತೋಟಕ್ಕೆ ಬೇಲಿ ಕಟ್ಟಿ ಸಾಕಾಗಿ ನಾವು ಕವಳಿ ಗಿಡದ ಮೊರೆಹೊಕ್ಕೆವು. ಕೆಲವು ಕಡೆ ಇದಕ್ಕೇ ಕರಂಡೆ ಎನ್ನುವರು. ಮೊದಲ ಸಲ ಸೋತೆವು. ಮೇ ತಿಂಗಳಲ್ಲಿ ಆಯ್ದ ಬೀಜವನ್ನು ಒಣಗಿಸಿ, ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟದ್ದೇ ತಪ್ಪು, ಒಂದೂ ಮೊಳೆಯಲಿಲ್ಲ. ಹಣ್ಣಿನಿಂದ ತೆಗೆದ ಬೀಜವನ್ನು ತೊಳೆದು ಆಗಲೇ ಒಟ್ಟುಪಾತಿಗೆ ಹಾಕಬೇಕು. ವರ್ಷ ತುಂಬಿದ ಸಸಿಯನ್ನು ಮುಂಗಾರಿನಲ್ಲಿ 2 ಅಡಿಗೊಂದರಂತೆ ನೆಡಿ. ನೀರು ನಿಲ್ಲುವ ಕಡೆ ಬೇಡ. ಮೊದಲೆರಡು ವರ್ಷ ಬೆಳವಣಿಗೆ ನಿಧಾನ, ಹಳೆಯ ಬೇಲಿ ಕೀಳಬೇಡಿ. ಸವರುವುದು ಹಣ್ಣು ಮುಗಿದ ಮೇಲೆಯೇ. ಚಳಿಗಾಲದಲ್ಲಿ ಕತ್ತರಿಸಿದರೆ ಹೂವೂ ಹೋಯಿತು, ಉಪ್ಪಿನಕಾಯಿಯೂ ಹೋಯಿತು. ನಮ್ಮ ಬೇಲಿಗೀಗ ಐದು ವರ್ಷ. ದನ ನುಗ್ಗಿಲ್ಲ. ಶಾಲೆ ಮಕ್ಕಳು ಹಣ್ಣಿಗೆ ನುಗ್ಗುತ್ತಾರೆ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ಬೀಜ ಬೇಕಾದ ಸದಸ್ಯರು ಏಪ್ರಿಲ್ ಒಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿರಿ.